ನಾಲ್ಕರಲ್ಲಿ ಒಂದು ಪಾಲು ನೀರು

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರು ಅದರ ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂದು ನನ್ನನ್ನು ಕೇಳುವುದುಂಟು. ವಿಜ್ಞಾನದ ಮಾಸ್ತರನಾಗಿದ್ದವನು, ಗೊತ್ತಿದ್ದೀತು ಎಂದು ಕೇಳುತ್ತಾರೆ. ವಾರಕ್ಕೊಮ್ಮೆ, ನಾಲ್ಕರಲ್ಲಿ ಒಂದು ಪಾಲು, ಅದಕ್ಕಿಂತ ಹೆಚ್ಚು ಬೇಡ ಎಂದು ಹೇಳುತ್ತೇನೆ. ಈ ಉತ್ತರ ನನಗೆ ಪುಸ್ತಕದಿಂದ ಬಂದದ್ದಲ್ಲ. ಪದವಿ ಪಡೆದು ಬಂದ ಹೊಸದರಲ್ಲಿ ನಾನು ಜಂಬದಿಂದ ಆಡಿದ ಒಂದು ಮಾತಿನಿಂದ ನಮ್ಮ ದೊಡ್ಡವ್ವ ಜೀವಮಾನವಿಡೀ ಗಳಿಸಿದ ಹೆಸರು ಹೋಗುವುದರಲ್ಲಿತ್ತು. ಒಂದು ಸಂಜೆ, ಒಂದಿಷ್ಟು ನಿಮಿಷಗಳ ಅಂತರದಲ್ಲಿ, ಅದು ಉಳಿಯಿತು. ಆ ನಿಮಿಷಗಳು ನನ್ನ ತಲೆಯಲ್ಲಿ ಇನ್ನೂ ಮುಗಿದಿಲ್ಲ.

ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ನನ್ನ ತಾಯಿ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡದ್ದರಿಂದ ಅವಳೇ ನನ್ನನ್ನು ಬೆಳೆಸಿದ್ದಳು. ಐವತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ ಗಜೇಂದ್ರಗಡಕ್ಕೆ ಮರಳಿ ಅಲ್ಲಿಯೇ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಇದ್ದವರು ನಾವಿಬ್ಬರೇ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಮತ್ತು ಹಿಂದಿನ ನೇಕಾರರ ಎರಡು ಓಣಿಗಳಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಮೊದಲ ಮೂರು ತಿಂಗಳು ಎರೆಯುತ್ತಿದ್ದವಳು ಅವಳೇ. ಮಣೆಯ ಮೇಲೆ ಕೂತು, ಕಾಲು ನೀಡಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ತಂಬಿಗೆಯಿಂದ ಬಿಸಿನೀರು ಹೊಯ್ಯುವಾಗ ಅವಳ ಎಡಗೈ ಕೂಸಿನ ಹಣೆಯ ಮೇಲೆ ಚಪ್ಪರದಂತೆ ನಿಲ್ಲುತ್ತಿತ್ತು. ಕಣ್ಣಿಗೆ ಒಂದು ಹನಿ ಇಳಿಯುತ್ತಿರಲಿಲ್ಲ. ಅದಕ್ಕೆ ಕೂಲಿ ಎಂದು ಯಾರೂ ಕೊಡುತ್ತಿರಲಿಲ್ಲ, ಅವಳು ಕೇಳುತ್ತಲೂ ಇರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಒಂದು ಕುಬಸದ ಖಣ, ಅಷ್ಟೆ. ಜನ ಅದನ್ನು ಕೈಗುಣ ಎನ್ನುತ್ತಿದ್ದರು. ಅವಳ ಕೈ ತಾಗಿದ ಕೂಸು ಉಳಿಯುತ್ತದೆ ಎಂಬುದು ಓಣಿಯ ನಂಬಿಕೆ.

ಮೀನು ಬಂದದ್ದು ನರಗುಂದದಿಂದ. ನನ್ನ ಜೊತೆ ಓದಿದವನೊಬ್ಬನ ತಂದೆ ಅಲ್ಲಿ ಸರಕಾರಿ ಅಧಿಕಾರಿಯಾಗಿದ್ದರು. ಮುಂಬಯಿಯಿಂದ ತರಿಸಿದ ಬಂಗಾರದ ಬಣ್ಣದ ಆರು ಮೀನುಗಳನ್ನು ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯಲ್ಲಿ ಸಾಕಿದ್ದರು. ದೂರದ ಊರಿಗೆ ವರ್ಗವಾದಾಗ, ಒಯ್ಯುವುದಾಗದೆಂದು ನನಗೆ ಕೊಟ್ಟರು. ತೊಟ್ಟಿಯನ್ನು ಗೋಣಿಚೀಲದಲ್ಲಿ ಸುತ್ತಿ, ಮೀನುಗಳನ್ನು ಹಾಲಿನ ಕ್ಯಾನಿನಲ್ಲಿ ಬಿಟ್ಟುಕೊಂಡು ರೋಣದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಜಕ್ಕಲಿಯಲ್ಲಿ ಹತ್ತಿದ ಹಿರಿಯರೊಬ್ಬರು ಕ್ಯಾನಿನೊಳಗೆ ಇಣುಕಿ ನೋಡಿ ನನ್ನ ಪಕ್ಕದಲ್ಲೇ ಕೂತರು.

"ಇವನ್ನ ಏನ್ ಮಾಡ್ತೀರಿ, ಸಾರು ಮಾಡ್ತೀರೇನು?"

"ತಿನ್ನಾಕಲ್ರಿ, ನೋಡಾಕ."

"ನೋಡಿದ್ರ ಹೊಟ್ಟಿ ತುಂಬತೈತೇನ್ರಿ?"

ಕಂಡಕ್ಟರು ಹಿಂದಿನಿಂದ ಕೂಗಿದ: "ಮಾಸ್ತರ, ಎಷ್ಟ್ ಮಂದಿ ಅದಾರ ಒಳಗ? ಆರಾದ್ರ ಆರು ಟಿಕೇಟ್ ಹರೀತೀನಿ."

ಮನೆಯ ಹೊಸ್ತಿಲಲ್ಲಿ ದೊಡ್ಡವ್ವ ನನ್ನನ್ನು ತಡೆದಳು. "ಮೀನಾ? ಲಿಂಗ ಕಟ್ಟಿದವರ ಮನ್ಯಾಗ? ಓಣ್ಯಾಗ ಮಂದಿ ಏನಂದಾರು?" ಎಂದವಳು ಕ್ಯಾನಿನೊಳಗೆ ಬಗ್ಗಿ ನೋಡಿದಳು. ಆಮೇಲೆ, "ಕಣ್ಣಿಗೆ ರೆಪ್ಪೀನ ಇಲ್ಲಲ್ಲೊ ಇವಕ್ಕ. ಎಣ್ಣಿ ಹಚ್ಚಿ ಎರದ ಕೂಸಿನಂಗ ಮಿಂಚತಾವ ನೋಡು," ಎಂದು ಬಾಗಿಲು ಬಿಟ್ಟು ಸರಿದಳು.

ತೊಟ್ಟಿಯ ಗಾಜಿಗೆ ಒಳಗಡೆ ಹಸಿರು ಲೋಳೆ ಹತ್ತಿತ್ತು. ಕ್ಯಾನಿನ ನೀರೂ ತಿಳಿಯಾಗಿರಲಿಲ್ಲ. ನನಗೆ ಅಸಹ್ಯವಾಯಿತು. ಕಲಿತವನಲ್ಲವೆ. ಇಷ್ಟು ಕೊಳಕಿನಲ್ಲಿ ಸಾಕುತ್ತಿದ್ದರೇ ಎಂದುಕೊಂಡು ಗಾಜನ್ನು ಬೂದಿ ಹಾಕಿ ತಿಕ್ಕಿ ಫಳಫಳಿಸುವಂತೆ ಮಾಡಿದೆ. ಕ್ಯಾನಿನ ನೀರನ್ನು ಮೋರಿಗೆ ಚೆಲ್ಲಿದೆ. ದೊಡ್ಡವ್ವನಿಗೆ ಪಾಠವನ್ನೂ ಹೇಳಿದೆ. "ದಿನಾ ಪೂರ್ತಿ ನೀರು ಬದಲಿ ಮಾಡಬೇಕು ದೊಡ್ಡವ್ವ. ಹಳೇ ನೀರಾಗ ಕ್ರಿಮಿ ಇರ್ತಾವ."

"ಇದನ್ನ ಕಲಿಯಾಕ ಕಾಲೇಜಿಗೆ ಹೋಗಬೇಕಿತ್ತೇನು?" ಎಂದು ಅವಳು ನಕ್ಕಳು. "ನಿನ್ನಿ ನೀರು ಯಾರರ ಕುಡೀತಾರ?"

ನಮ್ಮ ಕಡೆಯ ಮನೆಗಳ ರೀತಿ ಗೊತ್ತಿದ್ದವರಿಗೆ ಆ ಮಾತು ಹೊಸದಲ್ಲ. ಬೆಳಗಾಗುತ್ತಲೇ ನಿನ್ನೆಯ ನೀರನ್ನೆಲ್ಲ ಗಿಡಕ್ಕೆ ಚೆಲ್ಲಬೇಕು. ತಾಮ್ರದ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ಕೆಂಪಗೆ ಹೊಳೆಯುವಂತೆ ತಿಕ್ಕಬೇಕು. ಹಿತ್ತಲ ಬಾವಿಯ ನೀರು ಸವಳು, ಅದು ಪಾತ್ರೆ ಬಟ್ಟೆಗೆ. ಕುಡಿಯಲು ಗುಡ್ಡದ ಬುಡದ ಬಾವಿಯಿಂದ ಸಿಹಿನೀರು ಹೊತ್ತು ತರಬೇಕು. ದೊಡ್ಡವ್ವ ಮೀನುಗಳಿಗೂ ಅದೇ ನೇಮ ಹಿಡಿದಳು. ತನಗೆಂದು ಎರಡು ಕೊಡ ತರುತ್ತಿದ್ದವಳು ಮೀನಿಗೆಂದು ಇನ್ನೆರಡು ತರತೊಡಗಿದಳು. ಹೊಸದಾಗಿ ತಿಕ್ಕಿದ ತಾಮ್ರದ ಬೋಗುಣಿಯಲ್ಲಿ ಮೀನುಗಳನ್ನು ಬಿಟ್ಟು, ತೊಟ್ಟಿ ಬರಿದು ಮಾಡಿ, ಬೂದಿಯಿಂದ ತೊಳೆದು, ಹೊಸ ನೀರು ತುಂಬಿ, ಒಂದೊಂದನ್ನೇ ಬೊಗಸೆಯಲ್ಲಿ ಎತ್ತಿ ಬಿಡುತ್ತಿದ್ದಳು. ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ನನಗೂ ಹೆಮ್ಮೆಯೆನಿಸುತ್ತಿತ್ತು.

ಆರನೆಯ ದಿನ ಒಂದು ಸತ್ತಿತು. ಪ್ರಯಾಣದ ಆಯಾಸ ಎಂದೆ. ಮರುವಾರ ಇನ್ನೊಂದು. ಆಗ ನಾನು ಕೊಟ್ಟ ಸಲಹೆ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಒಂದೇ ಹೊತ್ತು ಸಾಲದು, ಎರಡು ಹೊತ್ತು ಬದಲಿಸು ಎಂದೆ. ಅವಳು ನೆತ್ತಿಯ ಮೇಲೆ ಸಿಂಬಿ ಇಟ್ಟುಕೊಂಡು ಸಂಜೆಯೂ ಗುಡ್ಡದ ಬುಡಕ್ಕೆ ಹೋಗಿ ಬಂದಳು. ನಾಲ್ಕೇ ದಿನಕ್ಕೆ ಮೂರನೆಯದು ಹೋಯಿತು.

ಅದೇ ಹೊತ್ತಿಗೆ ಎದುರುಮನೆಯ ಹಿರಿಯಕ್ಕನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳು ಕೂಸಾಗಿದ್ದಾಗ ಎರೆದದ್ದೂ ದೊಡ್ಡವ್ವನೇ. ಗಂಡು ಹುಟ್ಟಿತು. ದೊಡ್ಡವ್ವ ಎಣ್ಣೆ ಬಿಸಿ ಮಾಡಿಟ್ಟುಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕರೆ ಬರುವುದೆಂದು ಪಡಸಾಲೆಯಲ್ಲಿ ಕೂತಳು. ಎದುರುಮನೆಯ ಬಚ್ಚಲಿನಿಂದ ಹೊಗೆ ಎದ್ದಿತು. ಕೂಸು ಅಳುವುದು ಕೇಳಿಸಿತು. ಕರೆ ಬರಲಿಲ್ಲ. ಬೆಳವಣಕಿಯಿಂದ ತಮ್ಮ ಸಂಬಂಧಿಕಳೊಬ್ಬಳನ್ನು ಅವರು ಕರೆಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಬಾಗಿಲ ಹಿಂದೆ ದೊಡ್ಡವ್ವ ಅಕ್ಕಿ ಆರಿಸುತ್ತಿದ್ದಳು. ನೀರಿನಿಂದ ಮರಳುತ್ತಿದ್ದ ಹೆಂಗಸರು ಕೊಡ ಇಳಿಸಿ ಎದುರುಮನೆಯ ಗೋಡೆಗೆ ಆತು ನಿಂತರು.

"ಮೂರು ಹೋದುವಂತ. ದಿನಾ ಎರಡು ಹೊತ್ತು ತಾನ ನೀರು ಹಾಕ್ತಾಳಂತ, ಆದ್ರೂ."

"ಕೈಗುಣ ಅನ್ನೂದು ಕಾಯಂ ಇರತೈತೇನವಾ? ವಯಸ್ಸಾತು."

"ಮೀನಾರ ಮೀನು, ಹೋಗ್ಲಿ. ಚೊಚ್ಚಲ ಕೂಸನ್ನ ಆ ಕೈಯಾಗ ಹ್ಯಾಂಗ ಕೊಡೂದು?"

ಅಕ್ಕಿ ಆರಿಸುವ ಸದ್ದು ನಿಂತಿತು. ನಾನು ಒಳಗೆ ಹೋದಾಗ ದೊಡ್ಡವ್ವ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡುತ್ತಿದ್ದಳು.

"ಅವರು ಸುಳ್ಳ ಹೇಳಾಕತ್ತಿಲ್ಲ ತಮ್ಮಾ," ಎಂದಳು. "ನನಗ ಮಕ್ಕಳಾಗಲಿಲ್ಲ. ಈ ಕೈಯೊಂದ ಇತ್ತು. ಈಗ ಉಳಿದ ಮೂರೂ ಹೋದುವಂದ್ರ ಇನ್ನ ಯಾರ ಕೂಸನ್ನೂ ಮುಟ್ಟಂಗಿಲ್ಲ. ಬಂದು ಕರದ್ರೂ ಹೋಗಂಗಿಲ್ಲ."

ಅವಳು ಹೇಳಿದ್ದನ್ನು ಮಾಡುವವಳು. ತಪ್ಪು ಎಲ್ಲೋ ಇದೆ, ಅದು ಅವಳ ಕೈಯಲ್ಲಂತೂ ಇಲ್ಲ ಎನಿಸುತ್ತಿತ್ತು. ಆದರೆ ಎಲ್ಲಿದೆ ಎಂದು ನನ್ನ ನೋಟ್‌ಬುಕ್ಕುಗಳನ್ನೆಲ್ಲ ತಿರುವಿ ಹಾಕಿದರೂ ಸಿಗಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ನರಗುಂದಕ್ಕೆ ಹೊರಟೆ. ಗೆಳೆಯನ ಮನೆಯವರು ಊರು ಬಿಟ್ಟಿದ್ದರೂ ಅವರ ಮನೆಯಲ್ಲಿ ಮೀನು ನೋಡಿಕೊಳ್ಳುತ್ತಿದ್ದ ಕಚೇರಿಯ ಸಿಪಾಯಿ ಅಲ್ಲಿಯೇ ಇದ್ದ. ಮನೆ ಹುಡುಕಿಕೊಂಡು ಹೋದೆ. ಆತ ಎಮ್ಮೆಗೆ ಮೇವು ಹಾಕುತ್ತಿದ್ದ.

"ನೀರು ಎಷ್ಟ್ ದಿನಕ್ಕ ಬದಲಿ ಮಾಡ್ತಿದ್ರಿ?" ಎಂದು ಕೇಳಿದೆ.

"ಬದಲಿ ಎಲ್ಲಿದುರಿ. ವಾರಕ್ಕೊಮ್ಮೆ ನಾಕರಾಗ ಒಂದು ಪಾಲು ತಗದು ಚೆಲ್ತಿದ್ದೆ. ಹಿಂದಿನ ದಿನ ತುಂಬಿಟ್ಟ ನೀರು ಅಷ್ಟ ಹಾಕ್ತಿದ್ದೆ."

"ಪೂರ್ತಿ ತೊಳೀತಿರಲಿಲ್ಲೇನು?"

"ಒಮ್ಮೆ ತೊಳದೆರಿ, ಶಾಣ್ಯಾತನ ಮಾಡಿ. ಎರಡು ಸತ್ತುವು. ಸಾಹೇಬ್ರು ನನ್ನ ಜನ್ಮ ಜಾಲಾಡಿಬಿಟ್ರು." ಆತ ಮೇವಿನ ಹೊರೆ ಇಳಿಸಿದ. "ಆ ಹಳೇ ನೀರಾಗ, ಆ ಪಾಚ್ಯಾಗ ಅವು ಹೊಂದಿಕೊಂಡಿರ್ತಾವ್ರಿ. ದಿನಾ ಮನಿ ಕೆಡವಿ ಕಟ್ಟಿದ್ರ ನೀವರ ಬದುಕ್ತೀರೇನು? ತೊಳಿಯಾಗ ಮೀನು ಯಾವುದರಾಗ ಇಡ್ತೀರಿ?"

"ತಾಮ್ರದ ಬೋಗುಣ್ಯಾಗ."

ಆತ ನಾಲಗೆ ಲೊಚಗುಟ್ಟಿದ. "ಯಾರರ ತಾಮ್ರದಾಗ ಇಡ್ತಾರೇನ್ರಿ? ನೀವು ಓದಿದವರಂತ ಹೇಳಿದ್ರು."

ನಾನು ನಿಜಕ್ಕೂ ಓದಿದವನೇ. ತಾಮ್ರದ ಮೇಲೆ ಹುಳಿ ಬಿದ್ದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಮೈಲುತುತ್ತು ಹಾಕಿದರೆ ಕೆರೆಯ ಪಾಚಿ ಸಾಯುತ್ತದೆ, ಹೆಚ್ಚಾದರೆ ಮೀನೂ ಸಾಯುತ್ತದೆಂದು ಗೊತ್ತಿದ್ದವನು. ಮೈಲುತುತ್ತು ಎಂದರೆ ತಾಮ್ರವೇ. ಆದರೆ ದೊಡ್ಡವ್ವ ಹುಣಸೆಹಣ್ಣು ಹಚ್ಚಿ ತಿಕ್ಕುವ ಬೋಗುಣಿಗೂ ಆ ಉತ್ತರ ಪತ್ರಿಕೆಗೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ತಾಮ್ರದ ನೀರಿಗಿಂತ ಶುದ್ಧವಾದದ್ದು ಇನ್ನೊಂದಿರಲಿಲ್ಲ.

ರೋಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಗಜೇಂದ್ರಗಡದ ಬಸ್ಸು ಹೊರಟಾಗಿತ್ತು. ಆ ದಿನಕ್ಕೆ ಅದೇ ಕೊನೆಯದು. ನಾನು ಓಡಿದೆ. ಧೋತರದ ಚುಂಗು ಕಾಲಿಗೆ ಸಿಕ್ಕಿ ಬಿದ್ದೆ, ಎದ್ದೆ, ಮತ್ತೆ ಓಡಿದೆ. ಹಣ್ಣಿನ ಬುಟ್ಟಿಯ ಹೆಂಗಸೊಬ್ಬಳು ಬಸ್ಸಿನ ತಗಡನ್ನು ಬಡಿದು, "ನಿಲ್ಸಪಾ, ಮಾಸ್ತರ ಬಿದ್ದು ಸಾಯ್ತಾನ," ಎಂದಳು. ಬಸ್ಸು ನಿಧಾನವಾಯಿತು. ಹತ್ತಿದೆ. ಅವಳು ಅಲ್ಲಿ ಇರದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮುಂದೇನೂ ಯೋಚಿಸಲಾಗುವುದಿಲ್ಲ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಬರಿದಾಗಿ, ತೊಳೆದು, ಬೋರಲು ಹಾಕಿತ್ತು. ಅದರ ಪಕ್ಕದಲ್ಲಿ ನಮ್ಮ ಮನೆಯ ಅತ್ಯಂತ ದೊಡ್ಡ ತಾಮ್ರದ ಬೋಗುಣಿ. ಆಗಷ್ಟೇ ತಿಕ್ಕಿದ್ದರಿಂದ ದೀಪದ ಬೆಳಕಿಗೆ ಕೆಂಡದಂತೆ ಹೊಳೆಯುತ್ತಿತ್ತು.

"ಗಾಜು ಬ್ಯಾಡ ಅವಕ್ಕ," ಎಂದಳು ದೊಡ್ಡವ್ವ. "ತಾಮ್ರದ ನೀರಾಗ ಇಟ್ರ ಎಂಥಾ ಬ್ಯಾನಿನೂ ಹೋಗತೈತಿ. ಇನ್ನ ಇಲ್ಲೇ ಇರ್ಲಿ."

ಬಗ್ಗಿ ನೋಡಿದೆ. ಮೂರೂ ಮೀನು ಮೇಲೆ ಬಂದು ಬಾಯಿ ಕಳೆಯುತ್ತಿದ್ದವು. ಎರಡು ಮಗ್ಗುಲಾಗಿದ್ದವು. ಬಾಲದಲ್ಲಿ ಕಪ್ಪು ಮಚ್ಚೆಯಿದ್ದ ಮೂರನೆಯದು ನೆಟ್ಟಗಿರಲು ಒದ್ದಾಡುತ್ತಿತ್ತು.

"ಎಷ್ಟೊತ್ತಾತು ಬಿಟ್ಟು?"

"ಹೊತ್ತು ಇಳಿಯಾಗ ಬಿಟ್ಟೆ."

"ಇದು ವಿಷ ದೊಡ್ಡವ್ವ. ತಾಮ್ರ ವಿಷ ಇವಕ್ಕ. ಹಳೇ ನೀರು ಎಲ್ಲೈತಿ?"

ಅವಳು ಹಿತ್ತಲ ಕಡೆ ನೋಡಿದಳು. "ಗಿಡಕ್ಕ ಹಾಕಿದ್ನಲ್ಲೊ."

ಮನೆಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಕೊಡಗಳೆಲ್ಲ ತುಂಬಿದ್ದವು. ಆದರೆ ಎಲ್ಲವೂ ತಾಮ್ರದವು, ಎಲ್ಲವೂ ಅಂದೇ ತುಂಬಿದವು. ನಿನ್ನೆಯ ನೀರು, ಮೊನ್ನೆಯ ನೀರು, ಹಳಸಿದ ನೀರು, ಅಂಥದೊಂದು ತಂಬಿಗೆ ನೀರು ನಮ್ಮ ಅಚ್ಚುಕಟ್ಟಿನ ಮನೆಯಲ್ಲಿ ಇರಲಿಲ್ಲ. ಹಿತ್ತಲಿಗೆ ಓಡಿದೆ. ಅಲ್ಲಿ ನಮ್ಮ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿ ಕಂಡಿತು. ಬಾವಿಯ ಸವಳು ನೀರು, ವಾರದಿಂದ ನಿಂತದ್ದು, ಅಂಚಿಗೆಲ್ಲ ದಪ್ಪ ಪಾಚಿ.

"ಇದರಾಗ ಬಿಡೂಣು," ಎಂದೆ.

"ಎಮ್ಮಿ ಎಂಜಲದಾಗ?" ಎಂದಳು. ಅಷ್ಟೇ ಹೇಳಿದ್ದು. ನಾನು ಬೋಗುಣಿಯನ್ನು ಎತ್ತಲು ಕೈ ಹಾಕಿದರೆ ನೀರು ತುಳುಕಿತು. ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು. ಬೊಗಸೆ ಮಾಡಿ, ಒಂದು ಮೀನನ್ನು ಎತ್ತಿ, ಹಿತ್ತಲವರೆಗೆ ಓಡದೆ, ತುಳುಕಿಸದೆ, ಕೂಸನ್ನು ತೊಟ್ಟಿಲಿಗೆ ಒಯ್ಯುವಂತೆ ಒಯ್ದಳು. ಹೀಗೆ ಮೂರು ಸಲ. ದೋಣಿಯೊಳಗೆ ಬಿಟ್ಟರೂ ಕೈ ತೆಗೆಯಲಿಲ್ಲ. ಮಗ್ಗುಲಾಗಿದ್ದವನ್ನು ಎರಡೂ ಅಂಗೈಗಳ ನಡುವೆ ನೆಟ್ಟಗೆ ಹಿಡಿದು, ನೀರಿನಲ್ಲಿ ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ಆಡಿಸುತ್ತ ನಿಂತಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅಳದೆ ಹುಟ್ಟಿದ ಕೂಸನ್ನು ಹಿಡಿದುಕೊಂಡ ಅಭ್ಯಾಸವಿದ್ದ ಕೈ ಅದು.

ಒಂದು ಉಳಿಯಲಿಲ್ಲ. ಅವಳ ಕೈಯಲ್ಲೇ ಕಿವಿರು ನಿಂತಿತು. ಇನ್ನೊಂದು ಎಷ್ಟೋ ಹೊತ್ತಿನ ಮೇಲೆ ಬಾಲ ಹೊಡೆದು ಅಂಗೈಯಿಂದ ಜಾರಿ ಪಾಚಿಯೊಳಗೆ ಹೋಯಿತು. ಮಚ್ಚೆಯದು ಅದಕ್ಕೂ ಮೊದಲೇ ತಾನಾಗಿ ಈಜಿ ತಳಕ್ಕೆ ಇಳಿದಿತ್ತು. ಎರಡನೆಯದು ಕೈಯಿಂದ ಜಾರಿದಾಗ, "ಹೋತು," ಎಂದಳು ದೊಡ್ಡವ್ವ. ಸತ್ತಿತೆಂದಲ್ಲ, ಈಜಿಹೋಯಿತೆಂದು. ನನಗದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆ ಗಳಿಗೆಯಷ್ಟು ಉದ್ದವಾದದ್ದು ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಅಲ್ಲಿಯೇ, ದೋಣಿಯ ಕಟ್ಟೆಯ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ನಿನ್ನ ಕೈಯದಲ್ಲ ಎಂದೆ.

"ನಿನ್ನ ಮಾತು ಕೇಳಿದ್ದು ನನ್ನ ತಪ್ಪು," ಎಂದಳು. ಆದರೆ ದನಿಯಲ್ಲಿ ಹಳೆಯ ಕಸುವು ಬಂದಿತ್ತು.

ಮಾರನೆಯ ದಿನ ದೋಣಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಗಾಜಿನ ತೊಟ್ಟಿಗೆ ತುಂಬಿದೆವು. ಒಂದು ಹಿಡಿ ಪಾಚಿಯನ್ನೂ ಬಿಟ್ಟೆವು. ಮೊದಲ ವಾರ ದೊಡ್ಡವ್ವನಿಗೆ ಬಹಳ ಕಷ್ಟವಾಯಿತು. ಬೆಳಗಾದರೆ ಕೈ ತಾನಾಗಿ ತೊಟ್ಟಿಯ ಕಡೆ ಹೋಗುತ್ತಿತ್ತು. ನಿನ್ನೆಯ ನೀರು ಮನೆಯೊಳಗೆ ಹಾಗೇ ನಿಂತಿರುವುದನ್ನು ನೋಡಲಾಗದೆ ತೊಟ್ಟಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಶನಿವಾರ ಮಣ್ಣಿನ ಗಡಿಗೆಯಲ್ಲಿ ತುಂಬಿಟ್ಟ ನೀರಿನಿಂದ ನಾಲ್ಕರಲ್ಲಿ ಒಂದು ಪಾಲು ಮಾತ್ರ ಬದಲಿಸಿದೆವು. ಗಾಜಿನ ಹಿಂಬದಿಗೆ ಹಸಿರು ಹತ್ತಿತು, ಅದನ್ನು ಮುಟ್ಟಲಿಲ್ಲ. ಎರಡು ಶನಿವಾರ ಕಳೆದವು, ನಾಲ್ಕು ಕಳೆದವು. ಮೀನುಗಳು ಕಾಳು ಹಾಕುವ ಕೈಗೆ ಎದುರು ಬರತೊಡಗಿದವು. ಬಣ್ಣ ಗಾಢವಾಯಿತು, ಹೊಟ್ಟೆ ತುಂಬಿಕೊಂಡಿತು.

ಎದುರುಮನೆಯ ಹಿರಿಯಕ್ಕ ಮಜ್ಜಿಗೆ ಕೇಳುವ ನೆಪದಿಂದ ಮೇಲಿಂದ ಮೇಲೆ ಬರುತ್ತಿದ್ದಳು. ಕಣ್ಣು ಮಾತ್ರ ತೊಟ್ಟಿಯ ಮೇಲೆ.

"ಅವ ಮೀನೇನ? ಇಲ್ಲಾ ಹೊಸಾವು ತಂದು ಬಿಟ್ರೇನು?"

"ಹೊಸಾವು ಎಲ್ಲಿ ಸಿಗತಾವವಾ, ರೋಣದ ಸಂತ್ಯಾಗೇನು?" ಎಂದಳು ದೊಡ್ಡವ್ವ. "ಬಾಲ ನೋಡು."

ಹಿರಿಯಕ್ಕ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಕಪ್ಪು ಮಚ್ಚೆ ನೋಡಿದಳು. ಅವಳು ಮೊದಲಿನಿಂದಲೂ ಆ ಮಚ್ಚೆಯ ಮೀನಿಗೆ ದೃಷ್ಟಿಬೊಟ್ಟಿನ ಮೀನು ಎನ್ನುತ್ತಿದ್ದಳು. ಮಜ್ಜಿಗೆ ತೆಗೆದುಕೊಂಡು ಹೋದಳು. ಮೂರು ದಿನ ಬಿಟ್ಟು ಮತ್ತೆ ಮಜ್ಜಿಗೆಗೆ ಬಂದಳು.

ಬೆಳವಣಕಿಯ ಹೆಂಗಸು ತನ್ನ ಮನೆಯ ಕೆಲಸವಿದೆಯೆಂದು ಊರಿಗೆ ಮರಳಿದ್ದಳು. ಎದುರುಮನೆಯಲ್ಲಿ ಕೂಸಿಗೆ ಎರೆಯುವ ಹೊತ್ತಿಗೆ ಓಣಿಗೆಲ್ಲ ಕೇಳುವ ರಂಪವಾಗುತ್ತಿತ್ತು. ತಾಯಿಗೆ ಹೆದರಿಕೆ, ಅಜ್ಜಿಗೆ ಕೈ ನಡುಕ, ಕೂಸಿನ ಕಣ್ಣಿಗೆ ನೀರು. ದೊಡ್ಡವ್ವ ಕೇಳಿಸಿಕೊಳ್ಳುತ್ತಿದ್ದಳು. ಮೊದಲೆರಡು ದಿನ ತುಟಿ ಕಚ್ಚಿಕೊಂಡಿದ್ದಳು. ಮೂರನೆಯ ದಿನ, "ತಲಿ ಮ್ಯಾಲ ಮಾಡಿ ಹಿಡೀಬೇಕಲ್ಲ," ಎಂದು ಗೋಡೆಗೆ ಹೇಳಿದಳು.

ಒಂದು ಬೆಳಿಗ್ಗೆ ಹಿರಿಯಕ್ಕ ಬಂದಳು. ಕೈಯಲ್ಲಿ ಮಜ್ಜಿಗೆಯ ತಂಬಿಗೆ ಇರಲಿಲ್ಲ, ಕೂಸಿತ್ತು. ಹಿಂದೆ ಬಾಣಂತಿ, ಅವಳ ಹಿಂದೆ ಓಣಿಯ ಇನ್ನೂ ನಾಲ್ಕೈದು ಹೆಂಗಸರು, ಏನೋ ಕೆಲಸವಿದ್ದವರಂತೆ.

ದೊಡ್ಡವ್ವ ಏಳಲಿಲ್ಲ. "ಮೀನು ಸಾಯಿಸಿದ ಕೈ ಇದು, ನೋಡ್ಕೊಂಡು ಕೊಡವಾ," ಎಂದಳು.

"ಎರಡು ತಿಂಗಳಾತು ನಾನೂ ನೋಡಾಕತ್ತೀನಿ," ಎಂದಳು ಹಿರಿಯಕ್ಕ. "ನಿಮ್ಮ ಮನ್ಯಾಗ ಮಜ್ಜಿಗಿ ಕುಡದು ಕುಡದು ನನಗ ಥಂಡಿ ಆಗೈತಿ. ಸುಮ್ಮನ ಕೂಸು ತಗೊ."

ನಿಂತವರೆಲ್ಲ ನಕ್ಕರು. ದೊಡ್ಡವ್ವನೂ ನಕ್ಕಳು. ಆಮೇಲೆ ಎದ್ದು, ಹಂಡೆಯ ನೀರಿಗೆ ಮೊಣಕೈ ಅದ್ದಿ ನೋಡಿ, ಮಣೆ ಹಾಕಿ ಕೂತು ಕಾಲು ನೀಡಿದಳು. ಕೂಸು ಮೊದಲು ಕಿರುಚಿತು. ಎಣ್ಣೆಯ ಕೈ ಬೆನ್ನ ಮೇಲೆ ಎರಡು ಸಲ ಇಳಿದಿತ್ತೋ ಇಲ್ಲವೋ, ದನಿ ಇಳಿಯಿತು. ನೀರು ಬಿದ್ದಾಗ ಕೂಸು ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿತ್ತು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಬಾಣಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಶಾಲೆಗೆ ತಡವಾಗುತ್ತಿದ್ದರೂ ಪಡಸಾಲೆಯಲ್ಲಿ ನಿಂತೇ ಇದ್ದೆ. ಬಿ.ಎಸ್‌ಸಿ. ಪಾಸಾದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಡುವ ಹೊತ್ತಿಗೆ ಅದು ನಿದ್ದೆ ಹೋಗಿತ್ತು. ಹಿಂದಿನ ಓಣಿಯ ನೇಕಾರರ ಸೊಸೆಯೊಬ್ಬಳು, ತುಂಬಿದ ತಿಂಗಳಿನವಳು, ಅಲ್ಲಿಯವರೆಗೆ ಗೋಡೆಗೆ ಆತು ಸುಮ್ಮನೆ ನಿಂತಿದ್ದವಳು, ಮುಂದೆ ಬಂದಳು.

"ನನಗ ಈ ವಾರದಾಗ ಅಂತ ಹೇಳ್ಯಾರ್ರಿ ಎವ್ವಾ. ನೀವ ಬರಬೇಕು."

"ಬರ್ತೀನಿ," ಎಂದಳು ದೊಡ್ಡವ್ವ, ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಯಾವಾಗ ಕರದ್ರೂ ಬರ್ತೀನಿ. ಕಟಗಿ ಒಣಗಿಸಿ ಇಟ್ಕೊಳ್ರಿ, ನೀರು ಲಗೂ ಕಾಯಬೇಕು."